ಬೇಲಿಯಾಚೆಯ ಹುಲ್ಲು

ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿ ನಾವು ಮನೆ ಕೊಂಡಾಗ ಹಿತ್ತಲ ಬೇಲಿಯಾಚೆ ಸೊಂಟದೆತ್ತರ ಹುಲ್ಲು ಬೆಳೆದಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಮಳೆ ಬಂದರೆ ಕಪ್ಪೆಗಳ ಗದ್ದಲದಲ್ಲಿ ನನ್ನ ಆಫೀಸಿನ ಕಾಲ್‌ಗಳೇ ಕೇಳಿಸುತ್ತಿರಲಿಲ್ಲ. ಹಳದಿ ಎದೆಯ ಹಕ್ಕಿಯೊಂದು ಬೇಲಿಯ ಮೇಲೆ ಕೂತು ಹಾಡುತ್ತಿತ್ತು. ಅದು ಹುಲ್ಲಿನ ಬುಡದಲ್ಲೇ ಗೂಡು ಕಟ್ಟುತ್ತದೆಂದು ತೋರಿಸಿಕೊಟ್ಟವಳು ಮಗಳು.

ಆ ಜಾಗ ಬಡಾವಣೆಯ ಸಂಘದ್ದು. ಒಂದು ಏಪ್ರಿಲ್‌ನಲ್ಲಿ ಅವರು ಅಲ್ಲಿ 'ನೇಚರ್ ಪಾರ್ಕ್' ಮಾಡಲು ಹೊರಟರು. ಮೀಟಿಂಗಿನಲ್ಲಿ ಎದ್ದುನಿಂತು, ಈಗ ಅಲ್ಲಿರುವುದು ಏನು ಎಂದು ಕೇಳಿದೆ. "ಎಂಪ್ಟಿ ಲ್ಯಾಂಡ್," ಎಂದರು ಅಧ್ಯಕ್ಷರು. ಸಮಿತಿಯಲ್ಲಿದ್ದ ಧಾರವಾಡದ ಅಂಕಲ್ ಹೊರಗೆ ಬಂದು ಸಮಾಧಾನ ಹೇಳಿದರು.

"ಬರೇ ಕಸಾ ಬೆಳದದ ನೋಡವಾ ಅಲ್ಲಿ. ಹಾವು ಬರ್ತಾವು. ನೇಚರ್ ಬ್ಯಾಡ ಅಂದೀವೇನು ನಾವು? ಚಂದ ಮಾಡ್ಲಿಕ್ಕತ್ತೀವಿ."

"ಗೂಡುಗಳಿವೆ ಅಂಕಲ್. ಮರಿ ಹಾರೋವರೆಗಾದ್ರೂ ಕಾಯಿರಿ."

"ಹೇಳ್ತೀನಿ ತಗೋ."

ಮುಂದಿನ ವಾರವೇ ಹುಲ್ಲು ಕತ್ತರಿಸುವ ಯಂತ್ರ ಬಂತು. ಚಪ್ಪಲಿ ಹಾಕದೆ ಓಡಿ, ಕೈ ಬೀಸಿ ನಿಲ್ಲಿಸಿದೆ. ಚಾಲಕ ನಯವಾಗಿಯೇ, ಸಂಘಕ್ಕೆ ಫೋನ್ ಮಾಡಿ ಎಂದ. ಮಾಡಿದೆ. ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಶಾಲೆಯಿಂದ ಬಂದ ಮಗಳು ಕತ್ತರಿಸಿದ ಹುಲ್ಲನ್ನು ಕೆದಕುತ್ತಾ ಹೋದಳು. ನೋಡಬೇಡ ಎನ್ನುವಷ್ಟರಲ್ಲಿ ಒಡೆದ ಮೊಟ್ಟೆಗಳನ್ನು ನೋಡಿಬಿಟ್ಟಿದ್ದಳು.

"ಡಿಡ್ ದೇ ನೋ, ಅಮ್ಮ?"

"ಗೊತ್ತಿತ್ತು," ಎಂದೆ.

ಸಂಜೆ ಗಂಡ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ನಿಂತ. "ಪಾಪ ಅನ್ಸತ್ತೆ. ಆದ್ರೂ ಈಗ ಎಷ್ಟು ನೀಟಾಗಿದೆ ನೋಡು."

ಮದುವೆಯಾದಾಗಿನಿಂದ ನಾನು ಅಷ್ಟು ಜೋರಾಗಿ ಕೂಗಿರಲಿಲ್ಲ. "ನೀಟು! ಮನೆ ತಗೊಂಡಾಗ ನೇಚರ್ ವ್ಯೂ ಅಂತ ಎಲ್ಲರಿಗೂ ಫೋಟೋ ಕಳಿಸಿದ್ದು ನೀನೇ ಅಲ್ವಾ?"

"ವ್ಯೂ ಈಗ್ಲೂ ಇದ್ಯಲ್ಲ," ಎಂದ, ನಿಜಕ್ಕೂ ಅರ್ಥವಾಗದೆ.

ಅದೇ ನನ್ನನ್ನು ಇನ್ನಷ್ಟು ಉರಿಸಿತು. ಇವರ್ಯಾರೂ ಕೆಟ್ಟವರಲ್ಲ. ರಜೆ ಸಿಕ್ಕರೆ ಗಂಟೆಗಟ್ಟಲೆ ಡ್ರೈವ್ ಮಾಡಿ ಕಾಡು ನೋಡಿ ಬರುವವರು. ಟಿಕೆಟ್ ತಗೊಂಡು ನೋಡಿದರೆ ಪ್ರಕೃತಿ, ಮನೆ ಹಿಂದೆ ತಾನಾಗಿ ಬೆಳೆದರೆ ಕಸ.

ಈಗ ಅಲ್ಲಿ ಚಾಪೆಯಂತೆ ಸುರುಳಿ ಬಿಚ್ಚಿ ಹಾಸಿದ ಲಾನ್ ಇದೆ, ಕಾರಂಜಿ ಇದೆ. ಉದ್ಘಾಟನೆಗೆ ಕರೆದರು, ಹೋಗಲಿಲ್ಲ. ಅಂಕಲ್ ಎದುರಾದರೆ ನಮಸ್ಕಾರ ಮಾಡುತ್ತೇನೆ, ಮಾತಾಡುವುದಿಲ್ಲ. ಮೊನ್ನೆ ಅಂಗಡಿಯಲ್ಲಿ ಅವರೇ ತಡೆದು ಕೇಳಿದರು, "ಇನ್ನೂ ಸಿಟ್ಟೇನವಾ?"

"ಹೌದು ಅಂಕಲ್."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಸಾಮಾನಿನ ಗಾಡಿ ತಳ್ಳಿಕೊಂಡು ಮುಂದೆ ಹೋದೆ.