ಗುರುಬಾಯಿಯ ಹೆಸರಿನ ಗುಜರಿ ಕಂಪನಿ

ಗುರುಬಾಯಿ ಪರರಾಜ್ಯದ ಲಿಂಗಂಪಲ್ಲಿಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಜಿಎಸ್‌ಟಿಯಲ್ಲಿ ರೊಟ್ಟಿ ಮಾರುವವರೂ ಹೆಸರು ಬರೆಸಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ ಎಂದು ಅವಳನ್ನು ಹೆದರಿಸಿದವನು ಅವಳ ತವರೂರಿನವನೇ ಆದ ಶಿವಪ್ರಕಾಶ. ತವರಿಗೆ ಹೋಗಲಾಗದ ವರ್ಷಗಳಲ್ಲಿ ಅವಳು ಒಡಹುಟ್ಟಿದವರಿಗೆ ಕೊಡುವ ನಾಗರಪಂಚಮಿಯ ಉಂಡಿ ಕಟ್ಟಿಕೊಟ್ಟಿದ್ದು ಅವನಿಗೇ. ಹಾಗಾಗಿ ಆಧಾರ್, ಪ್ಯಾನ್ ಕಾರ್ಡು ಕೊಟ್ಟಳು, ಫೋನಿಗೆ ಬಂದ ಓಟಿಪಿಯನ್ನೂ ಓದಿ ಹೇಳಿದಳು.

ಈ ತಿಂಗಳು ರೇಷನ್ ಅಕ್ಕಿ ನಿಂತಿತು. ಯಾಕೆಂದು ರೇಷನ್ ಅಂಗಡಿಯಲ್ಲಿ ಕೇಳಿದರೆ, ನೀನು ಕಂಪನಿಯ ಮಾಲಕಿ, ನಿನಗೆ ಅಕ್ಕಿ ಇಲ್ಲ ಎಂದರು. ತೆರಿಗೆ ಕಚೇರಿಯಲ್ಲಿ ವಿಚಾರಿಸಿದಾಗ ಅವಳ ಹೆಸರಿನಲ್ಲಿ ಕಬ್ಬಿಣದ ಗುಜರಿ ಮಾರಿದ ಸುಳ್ಳು ಬಿಲ್ಲುಗಳು ಸಿಕ್ಕವು. ಕಾಗದ ಯಾರಿಗೆ ಕೊಟ್ಟಿದ್ದೆ ಎಂದು ಅಧಿಕಾರಿ ಕೇಳಿದರು. ಅವಳು ಹೊರಗೆ ಬಂದು ಶಿವಪ್ರಕಾಶನಿಗೆ ಫೋನ್ ಮಾಡಿದಳು.

"ಅಕ್ಕಾ, ಕಾರ್ಡು ಕಳದಿತ್ತು ಅಂತ ಹೇಳಿಬಿಡ್ರಿ. ನನ್ನ ಹೆಸರು ಬ್ಯಾಡ."

"ನನ್ನ ಮಕ್ಕಳ ಅಕ್ಕಿ ಹೋಗೇತಲ್ಲೋ."

"ನಿಮಗೇನ್ ಆಗತೈತ್ರಿ? ರೊಟ್ಟಿ ಬಡಿಯೋರ ಮನ್ಯಾಗ ಅವರು ಏನ್ ಜಪ್ತಿ ಮಾಡ್ತಾರ, ಹಂಚೇನು?" ಎಂದು ಅವನು ನಕ್ಕ.

ಆ ನಗು ಕೇಳಿದ ಮೇಲೆ ಅವಳು ಫೋನಿಟ್ಟು ಒಳಗೆ ಹೋದಳು. ಅವನ ಹೆಸರು, ತಂದೆಯ ಹೆಸರು, ಮನೆ ನಂಬರು, ಎಲ್ಲವನ್ನೂ ತನ್ನ ಹರಕು ಹಿಂದಿಯಲ್ಲಿ ಹೇಳಿ ಬರೆಸಿದಳು. ಆಮೇಲೆ, ಅಕ್ಕಿ ಯಾವಾಗ ಬರುತ್ತದೆ ಎಂದು ಕೇಳಿದಳು. ತನಿಖೆ ಮುಗಿಯಲಿ ಎಂದರು ಅಧಿಕಾರಿ.