ಬೇಲಿಯ ಹೊರಗಿನ ಕರಿಯ

ಈಚೆಗೆ ಸಂಜೆಯ ವಾಯುವಿಹಾರಕ್ಕೆ ಹೊರಟರೆ ನನ್ನ ಕಣ್ಣಿಗೆ ಮನೆಗಳು ಬೀಳುವುದಿಲ್ಲ, ಬೇಲಿಗಳು ಮಾತ್ರ ಬೀಳುತ್ತವೆ. ಮಡಕಶಿರದ ಬೆಟ್ಟದ ಕೋಟೆಯನ್ನು ಹುಟ್ಟಿದಾಗಿನಿಂದ ನೋಡಿಯೂ ಅದರ ಗೋಡೆಯ ಎತ್ತರವನ್ನು ವಿಚಾರಿಸದ ನಾನು, ಕಂಡವರ ಗೇಟಿನ ಮುಂದೆ ನಿಂತು, ಈ ಕಂಬಿಗಳ ನಡುವೆ ನಾಯಿಯ ತಲೆ ತೂರೀತೇ ಎಂದು ಗೇಣು ಹಾಕಿ ಅಳೆಯುತ್ತೇನೆ. ಆ ಮನೆಯವರು ನನ್ನನ್ನು ಕಳ್ಳನೆಂದು ತಿಳಿಯದಿರುವುದು ಅವರ ಮಕ್ಕಳಿಗೆ ಗಣಿತ ಕಲಿಸಿದ ಪುಣ್ಯವಿರಬೇಕು.

ಈ ವ್ಯಸನಕ್ಕೆ ಕಾರಣ ಕರಿಯ. ನನ್ನ ಹೆಂಡತಿ ಸರೋಜಳ ತವರು ರಾಯದುರ್ಗದ ಕಡೆ. ಅಲ್ಲಿ ಕುರಿ ಸಾಕುವ ಅವಳ ತಮ್ಮ ಹನುಮಂತ, ತನ್ನ ಮಂದೆಯಲ್ಲೇ ಬೆಳೆದ ಈ ನಾಯಿಯನ್ನು ಅಕ್ಕನಿಗೆ ಪ್ರೀತಿಯಿಂದ ಕೊಟ್ಟಿದ್ದ. ಬಂದ ವಾರದಲ್ಲೇ ಅದು ಸರೋಜಳ ಹೃದಯವನ್ನೂ ನನ್ನ ಚಪ್ಪಲಿಯನ್ನೂ ವಶಪಡಿಸಿಕೊಂಡಿತು. ಆದರೆ ಹೊತ್ತು ಮುಳುಗುತ್ತಲೇ ಅಂಗಳ ಬಿಟ್ಟು ಹಿಂದೂಪುರದ ರಸ್ತೆಯಂಚಿಗೆ ಹೋಗಿ ಮಲಗುವುದು ಅದರ ಚಾಳಿ. ಒಂದು ಸಂಜೆ ಕಡಲೆಕಾಯಿ ತುಂಬಿದ ಟ್ರ್ಯಾಕ್ಟರು ಅದರ ಬಾಲವನ್ನು ಸವರಿಕೊಂಡೇ ಹೋಯಿತು.

ಸರೋಜ ಕಣ್ಣೊರೆಸಿಕೊಂಡು ತೀರ್ಪಿತ್ತಳು: “ಇದನ್ನ ಕಾಯಾಕ ನಮ್ಮಿಂದ ಆಗಲಿಲ್ಲಂದ್ರ ತಮ್ಮಗ ವಾಪಸ್ ಕೊಟ್ಟುಬಿಡೋಣ್ರಿ. ಇದು ಸಾಯೋದು ನೋಡಾಕ ನನ್ನಿಂದ ಆಗಲ್ಲ.”

ಅಂದಿನಿಂದ ನಾನು ಬೇಲಿಶಾಸ್ತ್ರದ ವಿದ್ಯಾರ್ಥಿಯಾದೆ. ಮೊದಲು ಜಾಲಿಮುಳ್ಳು ಒಡ್ಡಿದೆ; ಅದು ಚುಚ್ಚಿದ್ದು ನನಗೆ ಮತ್ತು ಹಾಲಿನವನಿಗೆ. ಆಮೇಲೆ ಆಳೆತ್ತರದ ತಂತಿ ಜಾಲರಿ ಹಾಕಿಸಿದೆ. ನಾನು ಎತ್ತರವನ್ನು ಲೆಕ್ಕ ಹಾಕಿದ್ದೆ, ಕರಿಯ ಆಳವನ್ನು ಲೆಕ್ಕ ಹಾಕಿ ಕೆಳಗಿನಿಂದ ಬಿಲ ತೋಡಿತು. ಬುಡಕ್ಕೆ ಕಲ್ಲುಚಪ್ಪಡಿ ಹೂಳಿಸಿದರೆ ಪಕ್ಕದಲ್ಲಿ ಇನ್ನೊಂದು ಬಿಲ. ನಿವೃತ್ತಿಯ ನಂತರ ನನ್ನನ್ನು ಇಷ್ಟು ಸಲೀಸಾಗಿ ಸೋಲಿಸಿದವರು ಬೇರೆ ಯಾರೂ ಇಲ್ಲ. ಸೋತು ಹನುಮಂತನಿಗೆ ಫೋನ್ ಮಾಡಿದೆ. ಆ ದಿನ ಸರೋಜ ಊಟ ಮಾಡಲಿಲ್ಲ.

ನಾಯಿಯನ್ನು ಕರೆದೊಯ್ಯಲು ಬಂದ ಹನುಮಂತ ಜಾಲರಿಯನ್ನೂ ಬಿಲಗಳನ್ನೂ ಸುತ್ತಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಯಾಕ್ರಿ ಭಾವ, ಇದನ್ನ ಒಳಗ ಹಾಕೀರಿ? ಬೇಲಿ ಒಳಗ ಇರೋವು ಕುರಿಗಳ್ರಿ. ನಾಯಿ ಹೊರಗ ಮಕ್ಕೊಂಡು ಅವನ್ನ ಕಾಯ್ತದ. ನೀವಿಬ್ಬರೂ ಒಳಗ ಅದೀರಿ ಅಂತ ಅದು ತನ್ನ ಜಾಗಕ್ಕ ಹೋಗ್ತದ, ಅಷ್ಟ!”

ಮೂವತ್ತು ವರ್ಷ ಮೇಷ್ಟ್ರಾಗಿ ಮೆರೆದ ನಾನು ಒಂದು ನಾಯಿಯ ಲೆಕ್ಕದಲ್ಲಿ ಕುರಿಯಾಗಿದ್ದೆ. ಸರೋಜ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಹನುಮಂತ ಅಕ್ಕನ ಹಳೆಯ ಸೀರೆಗಳನ್ನು ಕೇಳಿ ತೆಗೆದುಕೊಂಡ. ಹಂದಿ ಬಾರದಂತೆ ನಮ್ಮ ಕಡಲೆಕಾಯಿ ಹೊಲಗಳ ಸುತ್ತ ಕಟ್ಟುವ ಹಾಗೆ, ಗೂಟ ನೆಟ್ಟು ಅವನ್ನು ಮನೆಯ ಸುತ್ತ ಕಟ್ಟಿದ. ಈಗ ಸೀರೆಯ ಒಳಗೆ ನಾವು. ಸೀರೆಯ ಹೊರಗೆ, ಆದರೆ ಜಾಲರಿಯ ಒಳಗೆ, ಕರಿಯ. ಸಂಜೆ ಅದು ಸೀರೆಬೇಲಿಯನ್ನು ಒಂದು ಸುತ್ತು ಬಂದು, ಇಣುಕಿ ನಮ್ಮಿಬ್ಬರನ್ನೂ ನೋಡಿ, ರಸ್ತೆಗೆ ಮುಖ ಮಾಡಿ ಅಂಗಳದಲ್ಲೇ ಮಲಗಿತು. ಎರಡು ದಿನ ಕಾದು ನೋಡಿದ ಹನುಮಂತ ಬರಿಗೈಯಲ್ಲಿ ಬಸ್ಸು ಹತ್ತಿದ.

ಹಳೆಯ ಚಾಳಿ, ವಾಯುವಿಹಾರದಲ್ಲಿ ಈಗಲೂ ಕಂಡವರ ಬೇಲಿಗಳ ಮುಂದೆ ಕಾಲು ನಿಲ್ಲುತ್ತದೆ. ಆದರೆ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಹೊತ್ತು ಮುಳುಗುವುದರೊಳಗೆ ನಾನು ಸೀರೆ ದಾಟಿ ಒಳಗೆ ಸೇರದಿದ್ದರೆ, ಅಂಗಳದಲ್ಲಿ ಒಬ್ಬ ಮಲಗದೆ ನಿಂತೇ ಇರುತ್ತಾನೆ.