ಬಾಯಿ ಒಣಗಿದ ಸೋಮವಾರ

ಹಾಲು ಕಾಯಿಸಿದ್ದು. ನಲ್ಲಿ ನೀರು ಬಂತೆಂದು ಕೊಡ, ಡ್ರಮ್ಮು, ಕೊನೆಗೆ ಕುಕ್ಕರನ್ನೂ ತುಂಬಿಸಿದ್ದು. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟದ್ದು. ಪೂಜೆಯ ತಟ್ಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ಗಂಡನ ಅಂಗಿ ಮೂಸಿ ನೋಡಿದ್ದು.

ಹೋದ ಸೋಮವಾರ ನಾನು ಮಾಡಿದ ಕೆಲಸಗಳಿವು. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಯಾವಾಗಲೂ ಮಾಡುವಂಥವೇ.

ನಮ್ಮವರು ಕುರೆಕುಪ್ಪದ ಆಚೆ ಒಬ್ಬ ಕಂಟ್ರಾಕ್ಟರರ ಯಾರ್ಡಿನಲ್ಲಿ ಕ್ರೇನ್ ಓಡಿಸುತ್ತಾರೆ. ಇತ್ತೀಚೆಗೆ ಅಲ್ಲಿ ಗೇಟಿನಲ್ಲೇ ಎಂಜಲು ಪರೀಕ್ಷೆ. ತುದಿಗೆ ಸ್ಪಂಜು ಇರುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಳ್ಳಬೇಕು. ಅದು ಚೆನ್ನಾಗಿ ನೆನೆದ ಮೇಲೆ, ಗಾಂಜಾ ಗೀಂಜಾ ಸೇದಿದ್ದರೆ ಅಲ್ಲೇ ಗೊತ್ತಾಗುತ್ತದೆ. (ನಮ್ಮ ಮನೆಯಲ್ಲಿ ಎಂಜಲು ಲೋಟವನ್ನು ಮುಟ್ಟುವುದಕ್ಕೂ ಹಿಂದೆಮುಂದೆ ನೋಡುತ್ತೇವೆ. ಅಲ್ಲಿ ಅದಕ್ಕೇ ಹೆಸರು ಬರೆದು ಲೇಬಲ್ ಅಂಟಿಸುತ್ತಾರೆ!) ತಪ್ಪೆನ್ನಲಾರೆ. ಮೇಲೆ ಟನ್ನುಗಟ್ಟಲೆ ಕಬ್ಬಿಣ ತೂಗುತ್ತಿರುವಾಗ, ಕ್ರೇನಿನಲ್ಲಿ ಕೂತವನ ತಲೆ ನೆಟ್ಟಗಿರಬೇಡವೇ?

ಆ ಸೋಮವಾರ ಬೆಳಿಗ್ಗೆ ಫೋನ್ ಮಾಡಿದವನು ಈರಣ್ಣ. ಕ್ರೇನಿನ ಕೆಳಗೆ ನಿಂತು ನಮ್ಮವರಿಗೆ ಕೈಸನ್ನೆ ಮಾಡುವ ಹುದ್ದೆ ಅವನದು.

"ಅಕ್ಕಾ, ಗಾಬರಿ ಆಗಬ್ಯಾಡ್ರಿ. ಅಣ್ಣಾರನ್ನ ಗೇಟ್‌ನಾಗ ನಿಲ್ಸ್ಯಾರ. ಬಾಯಾಗ ಉಗುಳೇ ಬರವಲ್ದು."

ಬರುವುದಾದರೂ ಎಲ್ಲಿಂದ? ಶ್ರಾವಣ ಸೋಮವಾರ ಅವರು ಸಂಜೆ ಲಿಂಗಪೂಜೆ ಆಗುವವರೆಗೆ ನೀರನ್ನೂ ಮುಟ್ಟುವುದಿಲ್ಲ. ಸಾಲಿನಲ್ಲಿದ್ದವರು ಹುಣಸೆಹಣ್ಣು ನೆನೆಸ್ಕೋರಿ, ಮಿರ್ಚಿ ನೆನೆಸ್ಕೋರಿ ಎಂದು ತಮಾಷೆ ಮಾಡಿದರಂತೆ. ಕಡ್ಡಿ ಒಣಗಿಯೇ ಇತ್ತು. ನರ್ಸಮ್ಮ ಪಾಪ, ಒಂದು ಲೋಟ ನೀರು ಕುಡಿದು ಸ್ವಲ್ಪ ಕೂತು ಕೊಡಿ ಎಂದಳಂತೆ. ಇವರು ಒಲ್ಲೆ ಎಂದರು. ಹೊಸದಾಗಿ ಬಂದ ಸೇಫ್ಟಿ ಆಫೀಸರ್, ಸ್ಯಾಂಪಲ್ ಕೊಡದಿದ್ದರೆ ನಿರಾಕರಿಸಿದಂತೆಯೇ ಲೆಕ್ಕ, ಈವತ್ತು ಕ್ರೇನ್ ಹತ್ತುವಂತಿಲ್ಲ, ನಾಳೆಯೂ ಹೀಗೇ ಆದರೆ ಗೇಟ್ ಪಾಸ್ ಹೋಗುತ್ತದೆ ಎಂದರಂತೆ.

ಅಲ್ಲಿಗೇ ಫೋನ್ ಇಟ್ಟಿದ್ದರೆ ಚೆನ್ನಾಗಿತ್ತು. ಈರಣ್ಣ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ.

"ಗಾಂಜಾ ಸೇದಿದೋರ ಬಾಯೂ ಹಿಂಗ ಒಣಗತೈತಂತ ಅಕ್ಕಾ. ಹುಡುಗ್ರು ಹಂಗ ಮಾತಾಡಾಕ ಹತ್ಯಾರ. ನಾ ನಂಬಂಗಿಲ್ಲ ಮತ್ತ."

ನಾನೂ ನಂಬಲಿಲ್ಲ. ಆದರೆ ನಂಬದ ಮಾತಿಗೂ ಮನಸ್ಸಿನಲ್ಲಿ ಒಂದಿಷ್ಟು ಜಾಗ ಸಿಗುತ್ತದೆ, ನೋಡಿ. ಇತ್ತೀಚೆಗೆ ಮಾತು ಕಡಿಮೆಯಾಗಿದೆಯಲ್ಲ? ನೈಟ್ ಶಿಫ್ಟ್ ಮುಗಿಸಿ ಬಂದಾಗ ಕಣ್ಣು ಕೆಂಪಗಿರುತ್ತಿತ್ತಲ್ಲ? ನಿದ್ದೆಗೆಟ್ಟವರ ಕಣ್ಣು ಇನ್ನೇನು ಬಣ್ಣ ಇರಬೇಕಿತ್ತೋ!

ಅವರು ಮಧ್ಯಾಹ್ನ ಬಂದರು. ಅಂಗಿ ಕಳಚಿ ಗೂಟಕ್ಕೆ ಹಾಕಿ ಬಚ್ಚಲಿಗೆ ಹೋದರು. ನೆನೆಹಾಕಲೆಂದು ಅಂಗಿ ತೆಗೆದುಕೊಂಡ ಕೈ ತಾನಾಗಿಯೇ ಮೂಗಿನ ಹತ್ತಿರ ಬಂತು. ಡೀಸೆಲ್ಲು, ಬೆವರು, ವಿಭೂತಿ. ಅಷ್ಟೇ.

ತಿರುಗಿದರೆ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದರು.

"ಏನರ ವಾಸನಿ ಬಂತೇನು?"

"ಬೆವರಾಗೇತಿ. ನೆನಿ ಇಡಾಕ ನೋಡಿದ್ನಿರಿ."

ಅವರು ತಲೆಯಾಡಿಸಿದರು. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಓದುಗರಿಗೆ ಇನ್ನೊಂದು ವಿಷಯ ಹೇಳಬೇಕು. ಈ ಸೋಮವಾರಗಳು ಶುರುವಾದದ್ದು ನನ್ನಿಂದ. ಆಪರೇಷನ್ ಆಗಿ ನಾನು ಕಣ್ಣು ಬಿಡದೆ ಮಲಗಿದ್ದಾಗ, ಆಸ್ಪತ್ರೆಯ ವರಾಂಡದಲ್ಲಿ ನಿಂತು ಅವರು ಹೊತ್ತ ಹರಕೆಯಿದು. ನನಗಾಗಿ ಒಣಗಿದ ಬಾಯಿಯನ್ನೇ ನಾನು ಅನುಮಾನಿಸಿದೆ.

ಮರುದಿನ ವಗ್ಗರಣಿ ಮಂಡಕ್ಕಿ ತಿಂದು, ಚಹಾ ಕುಡಿದು ಹೋದರು. ಈರಣ್ಣನದೇ ಮತ್ತೆ ಫೋನು. "ಅಕ್ಕಾ, ಇವತ್ತ ಅಣ್ಣಾರ ಬಾಯಾಗ ಡ್ಯಾಮೇ ತುಂಬಿತ್ತು! ಏನೂ ಇಲ್ಲಂತ ಬಂತು." ಸೇಫ್ಟಿ ಸಾಹೇಬರು 'ಸಾರಿ' ಎಂದು, ಕ್ರೇನಿನ ಕೀಲಿಯನ್ನು ತಾವೇ ಕೈಗೆ ಕೊಟ್ಟರಂತೆ. ಕಡ್ಡಿಗೆ ಅನುಮಾನವಿತ್ತು, ಉತ್ತರ ಸಿಕ್ಕಿತು, ಮರೆತುಬಿಟ್ಟಿತು. ಮನೆಯೊಳಗಿನ ಪರೀಕ್ಷೆಗೆ ಅಂಥ ರಿಪೋರ್ಟು ಯಾರು ಕೊಡಬೇಕು? ಸಾರಿ ಎನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಈ ಸೋಮವಾರ ಹೊರಡುವ ಮುನ್ನ ಅವರು ಅಡುಗೆಮನೆಗೆ ಬಂದು ತಾವೇ ಲೋಟಕ್ಕೆ ನೀರು ಬಗ್ಗಿಸಿಕೊಂಡರು. ಬ್ಯಾಡ್ರಿ, ಹರಕಿ ಐತಿ, ರಜಾ ಹಾಕ್ರಿ ಎಂದೆ.

"ಇರ್ಲಿ ಬಿಡು. ಇನ್ನ ಯಾರೂ ಏನೂ ಮೂಸಿ ನೋಡೂದು ಬ್ಯಾಡ."

ನನ್ನೆದುರಿಗೇ ಪೂರ್ತಿ ಕುಡಿದು, ಲೋಟ ಬೋರಲು ಹಾಕಿ ಹೋದರು.

ರಾತ್ರಿ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಎಂದಿನ ಹಾಗೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಮೊದಲು ಮಲಗಿದ್ದೂ ಅವರೇ. ಬಾಯಿ ಒಣಗಿ ಎಚ್ಚರವಿದ್ದವಳು ನಾನು.